ಐವತ್ತನೆಯ ವರುಷದ ಬಿಡುಗಡೆ: ಬೆಳಗಾವಿ-ಖಾನಾಪುರದ ಸಭೆಗಳಿಗೆ ಜೂಬಿಲಿಯ ಅರ್ಥ

ಬೆಳಗಾವಿಯ ಸಭೆಗಳಲ್ಲಿ ‘ಜೂಬಿಲಿ’ ಎಂಬ ಪದ ಬಹುಮಟ್ಟಿಗೆ ವಾರ್ಷಿಕೋತ್ಸವದ ಹೆಸರಾಗಿ ಉಳಿದಿದೆ. 1820ರಲ್ಲಿ ಜೋಸೆಫ್ ಟೇಲರ್ ಅವರು ಬಳ್ಳಾರಿಯಿಂದ ಬಂದು ಲಂಡನ್ ಮಿಷನ್ನಿನ ಸೇವೆಯನ್ನು ಇಲ್ಲಿ ಆರಂಭಿಸಿದರು. 1953ರಲ್ಲಿ ಬೆಳಗಾವಿಯ ಕಥೋಲಿಕ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಇಂಥ ವರುಷಗಳನ್ನು ಎಣಿಸಿ ಸ್ತೋತ್ರ ಸಲ್ಲಿಸುವುದು ಯುಕ್ತವೇ. ಆದರೆ ಯಾಜಕಕಾಂಡದ 25ನೆಯ ಅಧ್ಯಾಯವು ಸಂಸ್ಥೆಯೊಂದು ಎಷ್ಟು ವರುಷ ಬಾಳಿತೆಂದು ಕೇಳುವುದಿಲ್ಲ. ಆ ವರುಷಗಳಲ್ಲಿ ಯಾರು ಏನನ್ನು ಕಳೆದುಕೊಂಡರು, ಅದು ಅವರಿಗೆ ಹೇಗೆ ಹಿಂದಿರುಗಬೇಕು ಎಂಬುದೇ ಅದರ ಪ್ರಶ್ನೆ.

ಜೂಬಿಲಿ ಎಂಬ ಹೆಸರಿಗೆ ಮೂಲವಾದ ‘ಯೋಬೇಲ್’ ಎಂಬ ಇಬ್ರಿಯ ಪದಕ್ಕೆ ಟಗರಿನ ಕೊಂಬು ಎಂದರ್ಥ. ಆ ಕೊಂಬನ್ನು ಊದಬೇಕಾದದ್ದು ವರುಷದ ಮೊದಲ ದಿನವಲ್ಲ, ಏಳನೆಯ ತಿಂಗಳಿನ ಹತ್ತನೆಯ ದಿನದಲ್ಲಿ, ಅಂದರೆ ದೋಷಪರಿಹಾರಕ ದಿನದಲ್ಲಿ. ಈ ಕ್ರಮ ಗಮನಾರ್ಹವಾದುದು. ದೇವರೊಡನೆ ಸಮಾಧಾನವಾದ ದಿನವೇ ನೆರೆಯವನ ಲೆಕ್ಕವೂ ಸರಿಹೋಗಬೇಕು. ಆಗ ಭೂಮಿ ವಿಶ್ರಮಿಸುತ್ತದೆ. ಮಾರಿದ ಹೊಲ ಮೊದಲಿನ ಕುಟುಂಬಕ್ಕೆ ಸೇರುತ್ತದೆ. ಬಡತನದಿಂದ ತನ್ನನ್ನೇ ಮಾರಿಕೊಂಡ ಇಸ್ರಾಯೇಲ್ಯನು ಮಕ್ಕಳೊಡನೆ ಸ್ವಜನರ ಬಳಿಗೆ ಮರಳುತ್ತಾನೆ. ಈ ಮೂರನ್ನು ಬೇರ್ಪಡಿಸಿ ವಿಶ್ರಾಂತಿಯೊಂದನ್ನೇ ಆರಿಸಿಕೊಳ್ಳಲು ವಚನವು ಎಡೆಗೊಡುವುದಿಲ್ಲ.

ಈ ವಿಧಿಯ ತಳಹದಿ 23ನೆಯ ವಚನದಲ್ಲಿದೆ: ಭೂಮಿ ಯೆಹೋವನದು, ಅದರ ಮೇಲಿರುವವರು ಆತನ ಬಳಿಯಲ್ಲಿ ಇಳುಕೊಂಡಿರುವ ಪರದೇಶಿಗಳು. ಆದುದರಿಂದ ಇಲ್ಲಿ ಮಾರಾಟವೆಂಬುದು ವಾಸ್ತವವಾಗಿ ಗೇಣಿಯೇ. ಮುಂದಿನ ಜೂಬಿಲಿಗೆ ಎಷ್ಟು ಬೆಳೆಗಳು ಉಳಿದಿವೆಯೆಂದು ಎಣಿಸಿ ಬೆಲೆ ಕಟ್ಟಬೇಕು. ವರುಷಗಳು ಕಡಿಮೆಯಾದಂತೆ ಬೆಲೆಯೂ ತಗ್ಗಬೇಕು. ಗೋಡೆಯುಳ್ಳ ಪಟ್ಟಣದ ಮನೆಯನ್ನು ಒಂದು ವರುಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಶಾಶ್ವತ. ಹಳ್ಳಿಯ ಮನೆಯಾದರೋ ಹೊಲದಂತೆಯೇ ಎಣಿಕೆಯಾಗಿ ಹಿಂದಿರುಗುತ್ತದೆ. ಅನ್ನ ಹುಟ್ಟುವ ನೆಲದಿಂದ ಕುಟುಂಬವೊಂದು ಸದಾಕಾಲಕ್ಕೆ ಬೇರ್ಪಡಬಾರದೆಂಬುದೇ ಈ ಭೇದದ ಉದ್ದೇಶ.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ ನಿದರ್ಶನವೊಂದುಂಟು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು 7ನೆಯ ನಮೂನೆಯ ಅರ್ಜಿಯೊಡನೆ ಭೂ ನ್ಯಾಯಮಂಡಳಿಯ ಮುಂದೆ ನಿಂತನು. ತಲೆಮಾರುಗಳಿಂದ ಗೇಣಿ ಅಳೆದುಕೊಟ್ಟ ಮನೆಯ ಹೆಸರು ಪಹಣಿಯಲ್ಲಿ ಮೂಡಿದಾಗ ಅದು ಆ ಮನೆಗೆ ಕೊಂಬಿನ ಧ್ವನಿಯೇ ಆಯಿತು. ಆ ದಿನಕ್ಕೆ 2024ರಲ್ಲಿ ಐವತ್ತು ವರುಷ ತುಂಬಿತು. ಅದನ್ನು ಜೂಬಿಲಿಯೆಂದು ನೆನೆದ ಪ್ರಸಂಗಪೀಠಗಳು ವಿರಳ.

ಆದರೂ ಎರಡೂ ಒಂದೇ ಅಲ್ಲ. ಗೇಣಿದಾರನಿಗೆ ಹಕ್ಕು ದೊರೆಯಿತು. ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದವನಿಗೆ ಸಾಗುವಳಿಯ ಭೂಮಿಯನ್ನು ಕೇಳಲು ಆಧಾರವಿರಲಿಲ್ಲ. ಅಲ್ಲದೆ ಕಾಯಿದೆಯ ಬಿಡುಗಡೆ ಒಂದು ಸಲದ್ದು, ಜೂಬಿಲಿಯಾದರೋ ಮರುಕಳಿಸುವಂಥದು. ಮನುಷ್ಯರು ಮತ್ತೆ ಸಾಲಕ್ಕೆ ಬೀಳುವರು, ಬಲವುಳ್ಳವನು ಮತ್ತೆ ಹೊಲಕ್ಕೆ ಹೊಲ ಸೇರಿಸುವನು ಎಂಬುದನ್ನು ಮೋಶೆಯ ಧರ್ಮಶಾಸ್ತ್ರವು ಮೊದಲೇ ಬಲ್ಲದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಕಲಮುಗಳು 2020ರಲ್ಲಿ ರದ್ದಾದವು. ಪಟ್ಟಣವು ಹೊಲಗಳತ್ತ ಬೆಳೆಯುವ ಈ ಕಾಲದಲ್ಲಿ, ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಭತ್ತದ ಗದ್ದೆ ಮಾರುವ ಸಭಿಕನಿಗೆ ನಾವು ಹೇಳಬೇಕಾದ ಮಾತೇನು?

ವಿಶ್ರಾಂತಿಯ ಪ್ರಶ್ನೆಯೂ ಇಲ್ಲಿಯೇ ಎದುರಾಗುತ್ತದೆ. ಸಭಾಪಾಲಕರು ದಣಿದಿದ್ದಾರೆ; ಅವರಿಗೆ ವಿರಾಮ ಬೇಕೆಂಬುದು ನಿಜ. ಆದರೆ ಯಾಜಕಕಾಂಡ 25:6ರಲ್ಲಿ ಬೀಡುಬಿಟ್ಟ ಭೂಮಿಯ ಫಲವು ಒಡೆಯನಿಗೆ ಮಾತ್ರವಲ್ಲ, ದಾಸದಾಸಿಯರಿಗೂ ಕೂಲಿಯವನಿಗೂ ಪರದೇಶಿಗೂ ಆಹಾರವಾಗುತ್ತದೆ. ಸುಗ್ಗಿಯಲ್ಲಿ ಭಾನುವಾರದ ಆರಾಧನೆಗೆ ಬಾರದ ಕೂಲಿಹೆಂಗಸನ್ನು ಗದರಿಸುವ ಮುನ್ನ, ಆ ದಿನದ ಕೂಲಿ ತಪ್ಪಿದರೆ ಅವಳ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂದು ಕೇಳೋಣ. ಏಳನೆಯ ವರುಷದಲ್ಲಿ ಏನು ತಿನ್ನಬೇಕೆಂಬ ಪ್ರಶ್ನೆಯನ್ನು ಯೆಹೋವನು ಅವಿಶ್ವಾಸವೆಂದು ಖಂಡಿಸಲಿಲ್ಲ. ಆರನೆಯ ವರುಷದ ಬೆಳೆಯಿಂದ ಉತ್ತರಕೊಟ್ಟನು. ಅನ್ನದ ಏರ್ಪಾಡಿಲ್ಲದ ಸಬ್ಬತ್ತು ಬಡವನಿಗೆ ಹೊರೆಯೇ ಹೊರತು ವಿಶ್ರಾಂತಿಯಲ್ಲ.

ಯೆರೆಮೀಯನ 34ನೆಯ ಅಧ್ಯಾಯವು ಇಲ್ಲಿ ಎಚ್ಚರಿಕೆಯಾಗಿದೆ. ಮುತ್ತಿಗೆಯ ಭಯದಲ್ಲಿ ಯೆರೂಸಲೇಮಿನವರು ದಾಸರನ್ನು ಬಿಡುಗಡೆಮಾಡಿದರು. ಅನಂತರ ಮನಸ್ಸು ಬದಲಿಸಿ ಅವರನ್ನೇ ಮರಳಿ ಹಿಡಿದರು. ಜೂಬಿಲಿಯಲ್ಲಿ ಸಾರುವ ಬಿಡುಗಡೆಗೂ ಈ ಬಿಡುಗಡೆಗೂ ಇಬ್ರಿಯದಲ್ಲಿ ‘ದೆರೋರ್’ ಎಂಬ ಒಂದೇ ಪದವಿದೆ; ಯೆಶಾಯ 61:1ರಲ್ಲಿಯೂ ಅದೇ ಪದ. ಆ ಯೆಶಾಯನ ಸುರುಳಿಯನ್ನೇ ಕರ್ತನು ನಜರೇತಿನ ಸಭಾಮಂದಿರದಲ್ಲಿ ಓದಿ, ಅದು ಈ ಹೊತ್ತೇ ನೆರವೇರಿತೆಂದು ನುಡಿದನು. ಆತನಲ್ಲಿ ಜೂಬಿಲಿಯು ಐವತ್ತು ವರುಷಗಳ ಕಾಯುವಿಕೆಯಾಗಿ ಉಳಿಯದೆ ಸಭೆಯ ನಿತ್ಯದ ನಡತೆಯಾಯಿತು.

ಹಾಗಾದರೆ ಆರಂಭವು ದೇವರ ಮನೆಯಿಂದಲೇ ಆಗಲಿ. ಸಭೆಯ ಆವರಣ ಗುಡಿಸುವವನಿಗೂ ವಸತಿಗೃಹದ ಅಡಿಗೆಯವಳಿಗೂ ಸಂಬಳಸಹಿತವಾದ ವಾರದ ರಜೆಯುಂಟೋ? ಸಭಿಕರೊಳಗೆ ಒಬ್ಬರಿಗೊಬ್ಬರು ಕೊಟ್ಟ ಕೈಗಡದ ಮೇಲೆ ಬಡ್ಡಿ ಬೆಳೆಯುತ್ತಿದೆಯೋ? ಹೊಲ ಮಾರಲು ಹೊರಟವನಿಗೆ ನೆರವಾಗುವ ಹತ್ತಿರದ ಬಂಧು, 25ನೆಯ ವಚನವು ಹೇಳುವ ಆ ವಿಮೋಚಕ, ಸಭೆಯಲ್ಲಿ ಇದ್ದಾನೋ? ಈ ಪ್ರಶ್ನೆಗಳನ್ನು ಮುಂದಿನ ಸಭಾಸಮಿತಿಯ ಕಾರ್ಯಸೂಚಿಯಲ್ಲಿ ಸೇರಿಸುವ ಪಾಲಕನು ಕೊಂಬನ್ನು ಕೈಗೆತ್ತಿಕೊಂಡಂತೆಯೇ. ಅವನ ವಿಶ್ರಾಂತಿಯೂ ತನ್ನ ಜನರ ವಿಶ್ರಾಂತಿಯೊಡನೆಯೇ ಬರುವುದು.