ಮಳೆ ರಜೆಯಾಚೆಗಿನ ಶಾಲೆ ಸುದ್ದಿ

ಶಿವಮೊಗ್ಗ, ಭದ್ರಾವತಿಗಳಲ್ಲಿ ಪ್ರಾಥಮಿಕ ಶಾಲೆಯ ಒಂದು ಸುದ್ದಿ ಮಾತ್ರ ತಾನಾಗಿಯೇ ಊರೆಲ್ಲ ಹಬ್ಬುತ್ತದೆ. ಅದು ಮಳೆ ರಜೆ. ಜುಲೈನಲ್ಲಿ ಆಗುಂಬೆ ಕಡೆ ಮಳೆ ಹಿಡಿಯಿತೆಂದರೆ, ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ರಜೆಯಂತೆ, ನಮಗುಂಟೋ ಇಲ್ಲವೋ ಎಂಬ ವಿಚಾರಣೆ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಶುರುವಾಗುತ್ತದೆ. ಜಿಲ್ಲಾಧಿಕಾರಿಗಳ ಹಳೇ ಆದೇಶವನ್ನೇ ಮತ್ತೆ ಹರಿಬಿಡುವ ಪುಣ್ಯಾತ್ಮರೂ ಇದ್ದಾರೆ. ಹಾಗೆ ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನದ ತರಗತಿಗಳಲ್ಲಿ ಸರಿದೂಗಿಸುತ್ತಾರೆ ಎಂಬ ಸುದ್ದಿಗೆ ಮಾತ್ರ ಈ ಓಟವಿಲ್ಲ. ಸರ್ಕಾರಿ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿರುವುದಕ್ಕೆ ಇಂಗ್ಲಿಷ್ ವ್ಯಾಮೋಹ, ಶಿಕ್ಷಕರ ಕೊರತೆ, ಸೋರುವ ಕೊಠಡಿ ಎಂದು ಕಾರಣ ಕೊಡುವುದು ವಾಡಿಕೆ. ಅವೆಲ್ಲ ನಿಜ. ಇವುಗಳ ಜೊತೆಗೆ ಇನ್ನೊಂದನ್ನೂ ಸೇರಿಸಬೇಕು: ಶಾಲೆಯಲ್ಲಿ ಏನು ನಡೆಯುತ್ತಿದೆ, ಮುಂದೇನು ನಡೆಯಲಿದೆ ಎಂಬುದು ಪಕ್ಕದ ಬೀದಿಗೂ ತಿಳಿಯದು. ಗೊತ್ತಿಲ್ಲದ ಶಾಲೆಯನ್ನು ಊರು ತನ್ನದೆಂದುಕೊಳ್ಳುವುದಿಲ್ಲ.

ತಿಳಿಸಲು ಸುದ್ದಿಯಿಲ್ಲ ಎನ್ನುವಂತಿಲ್ಲ. ಮೇ ಕೊನೆಗೆ ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ; ಆಮೇಲೆ ದಾಖಲಾತಿ ಆಂದೋಲನ, ಸ್ವಾತಂತ್ರ್ಯೋತ್ಸವ, ಪ್ರತಿಭಾ ಕಾರಂಜಿ, ದಸರಾ ರಜೆ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ದಾನಿಗಳು ಸಿಕ್ಕರೆ ವಾರ್ಷಿಕೋತ್ಸವ, ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ. ನಿತ್ಯದ ಸುದ್ದಿಯೂ ಸಣ್ಣದಲ್ಲ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಗುವೊಂದಕ್ಕೆ 18 ಗ್ರಾಂ ಪುಡಿ ಕದಡಿ 150 ಮಿಲಿಲೀಟರ್ ಹಾಲು ಕೊಡಬೇಕು. 2024ರಲ್ಲಿ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿಸುವುದು ಶುರುವಾಯಿತು. ಬೆಳಗ್ಗೆ ಅಡುಗೆಯವರು ಪಾತ್ರೆಯಿಂದ ಲೋಟಕ್ಕೆ ಹಾಲು ಸುರಿಯುವಾಗ ಅದು ಗಟ್ಟಿಯಾಗಿದೆಯೋ ನೀರಾಗಿದೆಯೋ ಎಂಬುದು ನೋಡಿದವರಿಗೆ ಗೊತ್ತಾಗುತ್ತದೆ. ನೋಡಲು ಹೊರಗಿನವರೊಬ್ಬರು ಬೇಕಷ್ಟೆ. ಎರಡು ಊರುಗಳ ನಡುವೆ ಮಾಚೇನಹಳ್ಳಿಯಲ್ಲಿ ಹಾಲು ಒಕ್ಕೂಟದ ಡೇರಿಯನ್ನೇ ಇಟ್ಟುಕೊಂಡಿರುವ ನಾವು ಶಾಲೆಯ ಲೋಟದ ಬಗ್ಗೆ ಇಷ್ಟು ನಿರಾಸಕ್ತರಾಗಿರುವುದು ವಿಚಿತ್ರ.

ಊರು ಮತ್ತು ಶಾಲೆ ಒಂದರೊಳಗೊಂದು ಬೆರೆತಿದ್ದರೆ ಏನಾಗುತ್ತದೆ ಎಂಬುದಕ್ಕೆ ಭದ್ರಾವತಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ನ್ಯೂಟೌನ್ ಬೆಳೆಯಿತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಸುತ್ತ ಕಾಗದನಗರ. ಕ್ವಾರ್ಟರ್ಸ್, ಆಸ್ಪತ್ರೆ, ಕ್ಲಬ್, ಶಾಲೆ ಎಲ್ಲ ಒಂದೇ ಆವರಣದಲ್ಲಿದ್ದಾಗ ಶಾಲೆಯ ಸುದ್ದಿಯನ್ನು ಯಾರೂ ಪ್ರತ್ಯೇಕವಾಗಿ ಸಾರಬೇಕಿರಲಿಲ್ಲ. ಪಾಳಿ ಮುಗಿಸಿ ಬರುವವರ ಬಾಯಲ್ಲೇ ಅದು ಮನೆಮನೆಗೆ ಹೋಗುತ್ತಿತ್ತು. ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ ವಿಐಎಸ್ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಅದೇ ವರ್ಷ ಕೆಲಸ ಭಾಗಶಃ ಮತ್ತೆ ಶುರುವಾಯಿತೆನ್ನಿ. ಹೋದದ್ದು ಕೆಲಸವಷ್ಟೇ ಅಲ್ಲ, ಸುದ್ದಿ ಸಾಗುವ ಆ ದಾರಿಯೂ ಹೋಯಿತು. ಶಿವಮೊಗ್ಗದ ಹೊಸ ಬಡಾವಣೆಗಳಿಗಾದರೋ ಅಂಥ ದಾರಿ ಮೊದಲಿನಿಂದಲೂ ಇಲ್ಲ. ಬೆಳಗ್ಗೆ ಎಂಟಕ್ಕೆ ಹಳದಿ ಬಸ್ಸುಗಳು ಬಂದು ಒಂದೇ ಬೀದಿಯ ಮಕ್ಕಳನ್ನು ನಾಲ್ಕು ದಿಕ್ಕಿಗೆ ಒಯ್ಯುತ್ತವೆ.

ಊರು, ಶಾಲೆಗಳ ನಡುವಿನ ಈ ದೂರಕ್ಕೆ ಕಾನೂನು ಮದ್ದು ಹೇಳಿದೆ. ಕರ್ನಾಟಕದಲ್ಲಿ 2001ರಿಂದಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದರೆ ಗಾರೆ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುವ ತಾಯಿಗೆ ವಾರದ ನಡುವೆ ಹನ್ನೊಂದು ಗಂಟೆಗೆ ಸಭೆ ಕರೆದರೆ ಅವತ್ತಿನ ಕೂಲಿ ಹೋಯಿತು. ಅದೂ ಹಿಂದಿನ ಸಂಜೆ ಮಗುವಿನ ಕೈಲಿ ಹೇಳಿಕಳಿಸಿದರೆ ಬರುವವರು ಯಾರು? ಕಾರ್ಖಾನೆಗೆಂದು ಬಂದು ನೆಲೆಸಿದ ತಮಿಳು ಕುಟುಂಬಗಳು, ಉರ್ದು ಮಾತಾಡುವ ಮನೆಗಳು ಭದ್ರಾವತಿಯಲ್ಲಿ ಬೇಕಾದಷ್ಟಿವೆ. ಅಲ್ಲೆಲ್ಲ ಬರೀ ಕನ್ನಡದ ಚೀಟಿ ಸಾಲದು, ಬಾಯಿಮಾತೂ ಬೇಕು. ವಾರ ಮೊದಲೇ ಗೇಟಿನ ಹೊರಗಿನ ಕಪ್ಪು ಹಲಗೆಯ ಮೇಲೆ ತಾರೀಖು, ಗಂಟೆ, ವಿಷಯ ಬರೆದರೆ ಅದಕ್ಕಾಗುವ ಖರ್ಚು ಒಂದು ಸೀಮೆಸುಣ್ಣ.

ಶಿಕ್ಷಕರಿಗೆ ಇನ್ನೊಂದು ಹೊರೆಯೇ ಎಂದು ಕೇಳಬಹುದು. ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವಿಕೆಗಳಲ್ಲಿ ಅವರು ಬಸವಳಿದಿರುವುದು ಸುಳ್ಳಲ್ಲ. ಆದ್ದರಿಂದಲೇ ಹಲಗೆಯ ಕೆಲಸ ಎಸ್‌ಡಿಎಂಸಿಯದಾಗಬೇಕು. ಕಾರ್ಯಕ್ರಮವೆಂದರೆ ಹಾರ, ಶಾಲು, ಬಿಸಿಲಲ್ಲಿ ಕೂತ ಮಕ್ಕಳೆದುರು ಗಣ್ಯರ ಭಾಷಣ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಜನ ಬಾರದ ಸಭೆಯಲ್ಲೇ ಗಣ್ಯರು ಹೆಚ್ಚು ಹೊತ್ತು ಮಾತಾಡುವುದು. ಖಾಸಗಿ ಶಾಲೆಗಳು ಫಲಿತಾಂಶವನ್ನು ಫ್ಲೆಕ್ಸ್ ಹಾಕಿ ಮೆರೆಯುವಂತೆ ಸರ್ಕಾರಿ ಶಾಲೆಗಳೂ ಪ್ರಚಾರಕ್ಕಿಳಿಯಬೇಕೇ ಎನ್ನುವವರಿಗೆ ಉತ್ತರ, ಬೇಡ. ಜಾಹೀರಾತು ಗೆದ್ದದ್ದನ್ನು ಮಾತ್ರ ಹೇಳುತ್ತದೆ. ಶಾಲೆ ಹೇಳಬೇಕಾದದ್ದು ಶೌಚಾಲಯಕ್ಕೆ ನೀರಿಲ್ಲ, ಮೂರನೇ ತರಗತಿಗೆ ಶಿಕ್ಷಕರಿಲ್ಲ ಎಂಬುದನ್ನೂ. ಮಕ್ಕಳ ಫೋಟೊ ಕಂಡಕಂಡ ಗುಂಪುಗಳಿಗೆ ಹರಿದಾಡುವ ಆತಂಕವಂತೂ ಪೂರ್ತಿ ಸರಿ. ಸಭೆಯ ತಾರೀಖು ತಿಳಿಸಲು ಫೋಟೊ ಬೇಕಿಲ್ಲ.

ಇನ್ನುಳಿದದ್ದು ಸ್ಥಳೀಯ ಪತ್ರಿಕೆಗಳ ಪಾಲು. ಶಿವಮೊಗ್ಗದಲ್ಲಿ ದಿನಪತ್ರಿಕೆಗಳಿಗೆ ಬರವಿಲ್ಲ, ಕುವೆಂಪು ರಂಗಮಂದಿರದಲ್ಲಿ ಇವತ್ತು ಏನಿದೆ ಎಂದು ಅವು ಓದುಗರಿಗೆ ತಿಳಿಸುತ್ತವೆ. ಅದೇ ಜಾಗದಲ್ಲಿ ದಿನಕ್ಕೆರಡು ಸಾಲು, ಯಾವ ವಾರ್ಡಿನ ಯಾವ ಸರ್ಕಾರಿ ಶಾಲೆಯಲ್ಲಿ ಎಷ್ಟು ಗಂಟೆಗೆ ಪೋಷಕರ ಸಭೆ ಎಂಬುದನ್ನು ಸಂಪಾದಕರು ಮುಂದಿನ ಪ್ರಾರಂಭೋತ್ಸವದಿಂದಲೇ ಹಾಕಲಿ.