ನರ್ಸ್ ಓದಿದ ಮಕ್ಕಳ ನೋಂದಣಿ: ಗಡುವು ತಪ್ಪದಂತೆ ನೋಡಿಕೊಳ್ಳುವುದು ಹೇಗೆ?



ನೇಜಿ ಹದಕ್ಕೆ ಬಂದಾಗ ಗದ್ದೆ ಸಿದ್ಧವಿರಬೇಕು. ಗದ್ದೆ ಸಿದ್ಧವಾಗುವಷ್ಟರಲ್ಲಿ ನೇಜಿ ಬಲಿತು ಹೋಗಿರಬಾರದು. ಎಂ.ಒ. 4 ಭತ್ತದ ನೇಜಿಯನ್ನು 20ರಿಂದ 25 ದಿನದೊಳಗೆ ನೆಡಬೇಕೆಂದು ನಾನು ಪ್ರತಿ ಏಣೇಲು ಬೆಳೆಗೂ ನಿಮಗೆ ಹೇಳುತ್ತ ಬಂದಿದ್ದೇನೆ. ಇದೇ ಲೆಕ್ಕ ನಿಮ್ಮ ಮನೆಯ ಇನ್ನೊಂದು ಕೆಲಸಕ್ಕೂ ಬೇಕಾಗುತ್ತದೆ. ಅದು ನರ್ಸ್ ಓದಿದ ಮಗಳ ಅಥವಾ ಮಗನ ನೋಂದಣಿ.

ಬೆಳೆಯ ಮಾತು ಬಿಟ್ಟು ಇದನ್ನೇಕೆ ಬರೆಯುತ್ತಿದ್ದೇನೆಂದು ನೀವು ಕೇಳಬಹುದು. ಕಳೆದ ಮಳೆಗಾಲದಲ್ಲಿ ಆದಿ ಉಡುಪಿ ಕಡೆಯ ಒಬ್ಬ ರೈತರ ಗದ್ದೆಗೆ ಬೆಂಕಿರೋಗ ನೋಡಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಅವರು, “ಇದೊಂದು ಕಾಗದ ನೋಡಿ ಮಾರಾಯ್ರೆ” ಎಂದು ಮಗಳ ಅರ್ಜಿಯ ರಶೀದಿಯನ್ನು ತೋರಿಸಿದರು. ಮಗಳು ಬಿ.ಎಸ್ಸಿ. ನರ್ಸಿಂಗ್ ಪಾಸಾಗಿ ನೋಂದಣಿಗೆ ಅರ್ಜಿ ಹಾಕಿದ್ದಳು. ನಾನು ರಶೀದಿಯನ್ನು ಮೇಲಿಂದ ಮೇಲೆ ನೋಡಿ, “ಹಾಕಿ ಆಯ್ತಲ್ಲ, ಬರುತ್ತದೆ” ಎಂದೆ. ಮೂರು ತಿಂಗಳಾದರೂ ಬರಲಿಲ್ಲ. ವಿಚಾರಿಸಿದಾಗ, ಹೆಸರಿನಲ್ಲಿ ವ್ಯತ್ಯಾಸವಿದೆ, ಸರಿಪಡಿಸಿ ಎಂಬ ಸೂಚನೆ ಎಂದೋ ಬಂದಿತ್ತೆಂದು ತಿಳಿಯಿತು. ಅರ್ಜಿಯಲ್ಲಿ ಬರೆದದ್ದು ಕಂಪ್ಯೂಟರ್ ಅಂಗಡಿಯವನ ಫೋನ್ ನಂಬರು. ಸೂಚನೆ ಅವನಿಗೆ ಹೋಗಿತ್ತು. ಅಷ್ಟರಲ್ಲಿ ಆಕೆ ಆಸೆಪಟ್ಟಿದ್ದ ಹುದ್ದೆಯ ಕೊನೆಯ ದಿನ ಕಳೆದಿತ್ತು. ಈಗ ನೋಂದಣಿ ಆಗಿದೆ. ಆ ಹುದ್ದೆ ಮಾತ್ರ ತಿರುಗಿ ಬರಲಿಲ್ಲ. ರಶೀದಿಯಲ್ಲಿದ್ದ ಫೋನ್ ನಂಬರು ಯಾರದೆಂದು ಅಂದು ನಾನು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ಅದಕ್ಕಾಗಿಯೇ ಈ ಲೇಖನ.

ನೋಂದಣಿ ಎಂದರೇನು?

ಪರೀಕ್ಷೆ ಪಾಸಾದ ಮಾತ್ರಕ್ಕೆ ಯಾರೂ ನರ್ಸ್ ಆಗುವುದಿಲ್ಲ. ರಾಜ್ಯದ ದಾಖಲೆ ಪುಸ್ತಕದಲ್ಲಿ ಹೆಸರು ಏರಬೇಕು. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಇದಕ್ಕೆ 1926ರ ಮದ್ರಾಸ್ ಕಾಯಿದೆ ಇತ್ತು. ಉಡುಪಿಯ ಲೊಂಬಾರ್ಡ್ ಆಸ್ಪತ್ರೆಯನ್ನು ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ತೆರೆದರು. ಎಂದರೆ ಆಸ್ಪತ್ರೆ ಬಂದ ಮೂರೇ ವರ್ಷಕ್ಕೆ ಈ ಸೀಮೆಗೆ ನರ್ಸುಗಳ ದಾಖಲೆ ಪುಸ್ತಕವೂ ಬಂದಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ನಮ್ಮ ರಾಜ್ಯಕ್ಕೆ ಅನ್ವಯಿಸುವುದು ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕರ 1961ರ ಕಾಯಿದೆ. ದಾಖಲೆ ಪುಸ್ತಕವನ್ನು ಇಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು.

ಹೀಗೇಕೆ? ರೋಗಿಯ ಕೈಗೆ ಸೂಜಿ ಚುಚ್ಚುವವರು ಕಲಿತವರೇ ಎಂದು ರೋಗಿ ಪರೀಕ್ಷಿಸಲಾರ. ಅವನ ಬದಲಿಗೆ ಪರಿಷತ್ತು ಪರೀಕ್ಷಿಸುತ್ತದೆ. ಬೀಜದ ಚೀಲಕ್ಕೆ ಕಟ್ಟಿದ ಪ್ರಮಾಣ ಚೀಟಿಯನ್ನು ನಂಬಿ ನೀವು ಬೀಜ ಕೊಳ್ಳುವುದಿಲ್ಲವೇ? ಇದೂ ಹಾಗೆಯೇ.

ಮೊದಲು ಹೆಸರು ಸರಿಯಾಗಲಿ

ಅರ್ಜಿಗೆ ಮುಖ್ಯವಾಗಿ ಬೇಕಾಗುವವು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ನರ್ಸಿಂಗಿನ ಪ್ರತಿ ವರ್ಷದ ಅಂಕಪಟ್ಟಿ, ಪದವಿ ಅಥವಾ ಡಿಪ್ಲೊಮಾ ಪತ್ರ, ಆಧಾರ್ ಮತ್ತು ಭಾವಚಿತ್ರ. ಪದವಿ ಪ್ರದಾನ ಸಮಾರಂಭದವರೆಗೆ ಕಾಯುತ್ತ ಕೂರಬೇಡಿ. ವಿಶ್ವವಿದ್ಯಾಲಯ ಮೊದಲು ತಾತ್ಕಾಲಿಕ ಪದವಿ ಪತ್ರ ಕೊಡುತ್ತದೆ. ಅದನ್ನು ಕಾಲೇಜಿನಲ್ಲಿ ಕೇಳಿ ಪಡೆಯಿರಿ.

ನಮ್ಮ ಕಡೆ ಅರ್ಜಿ ತಡವಾಗಲು ದೊಡ್ಡ ಕಾರಣ ಹೆಸರು. ಅಳಿಯಸಂತಾನದ ಮನೆಗಳಲ್ಲಿ ತಂದೆಯದು ಒಂದು ಉಪನಾಮ, ತಾಯಿಯ ಕಡೆಯದು ಇನ್ನೊಂದು. ಶಾಲೆಯಲ್ಲಿ ಹೆಗ್ಡೆ ಎಂದು ಬರೆಸಿದ ಮಗು ಆಧಾರಿನಲ್ಲಿ ಶೆಟ್ಟಿ ಆಗಿರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಅಕ್ಷರವಾಗಿದ್ದ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಪೂರ್ತಿ ಊರ ಹೆಸರಾಗಿರುತ್ತದೆ. ಮದುವೆಯ ಮೇಲೆ ಇನ್ನೊಂದು ಬದಲಾವಣೆ. ಮನೆಯವರಿಗೆ ಎಲ್ಲವೂ ಒಬ್ಬಳೇ ಮಗಳು. ಕಚೇರಿಗೆ ಮಾತ್ರ ಇಬ್ಬರು ಮೂವರು ಬೇರೆ ಬೇರೆ ಜನ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಬರೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಆದುದರಿಂದ ಮಗಳು ಕೊನೆಯ ವರ್ಷದಲ್ಲಿರುವಾಗಲೇ ಎಲ್ಲ ಕಾಗದಗಳನ್ನೂ ಜಗಲಿಯಲ್ಲಿ ಹರಡಿ, ಹೆಸರನ್ನೂ ಹುಟ್ಟಿದ ದಿನವನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿ. ಕಳೆಯನ್ನು ಚಿಕ್ಕದಿರುವಾಗಲೇ ಕೀಳುವುದು ಸುಲಭ.

ಅರ್ಜಿ ಹಾಕಿದರೆ ಮುಗಿಯಲಿಲ್ಲ

ಇದೇ ಈ ಲೇಖನದ ಮುಖ್ಯ ಮಾತು. ಅರ್ಜಿ ಕಳುಹಿಸಿದ ದಿನ ಕೆಲಸ ಪೂರ್ತಿಯಾಗುವುದಿಲ್ಲ. ಕೊನೆಯ ಕಾಗದವೂ ಸೇರಿ, ಪ್ರಮಾಣಪತ್ರ ಕೈಗೆ ಬಂದ ದಿನ ಪೂರ್ತಿಯಾಗುತ್ತದೆ. ನೆಟ್ಟ ಮೇಲೆ ಗದ್ದೆಯ ಕಡೆ ಹೋಗದ ರೈತರುಂಟೇ?

ಅರ್ಜಿಯಲ್ಲಿ ನಿಮ್ಮ ಮನೆಯದೇ ಫೋನ್ ನಂಬರು, ಮಗಳದೇ ಇ-ಮೇಲ್ ಇರಲಿ. ಆಧಾರಿಗೆ ಜೋಡಿಸಿದ ನಂಬರು ಈಗಲೂ ಬಳಕೆಯಲ್ಲಿದೆಯೇ ನೋಡಿ. ಅರ್ಜಿ ಸಂಖ್ಯೆಯನ್ನು ಮನೆಯ ಪಂಚಾಂಗದ ಹಿಂದೆ ಬರೆದಿಡಿ. ವಾರಕ್ಕೊಮ್ಮೆ ಅರ್ಜಿಯ ಸ್ಥಿತಿ ನೋಡಲು ಮಗಳಿಗೆ ಹೇಳಿ. ಆಕ್ಷೇಪಣೆ ಬಂದರೆ ಅದೇ ವಾರ ಉತ್ತರ ಕೊಡಿ.

ಹುದ್ದೆಯ ಕೊನೆಯ ದಿನ

ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮರುದಿನ ಹೋಗಿ ಒಂದು ಆಟ ಆಡಿರೆಂದರೆ ಆಡುವರೇ? ಸರಕಾರಿ ಹುದ್ದೆಯ ಕೊನೆಯ ದಿನವೂ ಹಾಗೆಯೇ. ಕೇಳಿದ ಅರ್ಹತೆಯೆಲ್ಲ ಪ್ರಕಟಣೆಯಲ್ಲಿ ಹೇಳಿದ ದಿನದೊಳಗೆ ಕೈಯಲ್ಲಿರಬೇಕು. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಗೂ ನೋಂದಣಿ ಬೇಕು. ಪ್ರಕಟಣೆ ಬಂದ ಮೇಲೆ ನೋಂದಣಿಗೆ ಓಡುವುದು, ಮಳೆ ಬಂದ ಮೇಲೆ ಬೀಜ ಹುಡುಕಲು ಹೊರಟಂತೆ.

ಹೊರದೇಶಕ್ಕೆ ಹೋಗುವವರಿಗೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹಲವು ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿಯೂ ಇಂಗ್ಲೆಂಡಿನಲ್ಲಿಯೂ ದುಡಿಯುತ್ತಾರೆ. ಆಯಾ ದೇಶದ ಪರವಾನಗಿ ಬೇರೆಯೇ. ಇಲ್ಲಿ ಹೆಚ್ಚು ಎಚ್ಚರ ಬೇಕು. ಏಕೆಂದರೆ ಈ ಕಾಗದಗಳಿಗೆ ಆಯುಸ್ಸುಂಟು.

ಪ್ರಮಾಣಿತ ಬೀಜದ ಚೀಟಿಗೆ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು ಬೆಲೆ. ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷ. ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಬರುವ ಅನುಮತಿ ಪತ್ರಕ್ಕೆ ಸಾಮಾನ್ಯವಾಗಿ 90 ದಿನ. ಅದನ್ನು ವಿಸ್ತರಿಸುವುದಿಲ್ಲ. ತಪ್ಪಿದರೆ ಮತ್ತೆ ಹೆಸರು ಕೊಟ್ಟು ಮತ್ತೆ ಹಣ ಕಟ್ಟಬೇಕು. ನಮ್ಮ ಪರಿಷತ್ತು ಕೊಡುವ ಸನ್ನಡತೆಯ ಪತ್ರವನ್ನೂ ಪೊಲೀಸರ ಪತ್ರವನ್ನೂ ಹೊರದೇಶದವರು ಕೆಲವೇ ತಿಂಗಳು ಒಪ್ಪುತ್ತಾರೆ.

ಹೀಗಾಗಿ ಒಂದು ಕಾಗದಕ್ಕೆ ಕಾಯುವಾಗ ಇನ್ನೊಂದು ಸಾಯುತ್ತದೆ. ಉಪಾಯವೇನು? ಆಯುಸ್ಸಿಲ್ಲದವನ್ನು ಮೊದಲು ಕೂಡಿಸಿ: ಅಂಕಪಟ್ಟಿ, ಪದವಿ ಪತ್ರ. ಐದು ವರ್ಷಕ್ಕೊಮ್ಮೆ ನವೀಕರಿಸುವ ನೋಂದಣಿಯನ್ನೂ ಹತ್ತು ವರ್ಷ ಬಾಳುವ ಪಾಸ್‌ಪೋರ್ಟನ್ನೂ ಇವುಗಳ ಜೊತೆಗೇ ಮಾಡಿಸಿ. ಅಲ್ಪಾಯುಸ್ಸಿನವನ್ನು ಕೊನೆಗೆ ಪಡೆಯಿರಿ. ಬೀಜ ನೆನೆಸುವುದು ಗದ್ದೆ ಉತ್ತ ಮೇಲೆ ತಾನೇ?

ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ಕೇಂದ್ರ ಸರಕಾರ 2015ರಲ್ಲಿ ವಲಸೆ ಅನುಮತಿಯನ್ನು ಕಡ್ಡಾಯ ಮಾಡಿತು. ಮಧ್ಯವರ್ತಿಯ ಕೈಗೆ ಮುಂಗಡ ಕೊಡುವ ಮೊದಲು ಈ ಅನುಮತಿಯ ಬಗ್ಗೆ ವಿಚಾರಿಸಿ. ಮೂಲ ಕಾಗದಗಳನ್ನು ಯಾರ ಕೈಯಲ್ಲೂ ಬಿಡಬೇಡಿ.

ಐದು ವರ್ಷಕ್ಕೊಮ್ಮೆ

ಒಮ್ಮೆ ನೋಂದಾಯಿಸಿದರೆ ಜನ್ಮಕ್ಕೆ ಸಾಕೆಂದು ತಿಳಿಯಬೇಡಿ. ಭಾರತೀಯ ಶುಶ್ರೂಷಾ ಪರಿಷತ್ತು ಐದು ವರ್ಷಕ್ಕೊಮ್ಮೆ ನವೀಕರಣವನ್ನೂ, ಆ ಅವಧಿಯಲ್ಲಿ 150 ಗಂಟೆಗಳ ಮುಂದುವರಿಕೆ ಶಿಕ್ಷಣವನ್ನೂ ಗೊತ್ತುಮಾಡಿತು. ವರ್ಷಕ್ಕೆ 30 ಗಂಟೆ ಮಾಡಿದರೆ ಹಗುರ. ಕೊನೆಯ ತಿಂಗಳಿಗೆ ಇಟ್ಟರೆ ಭಾರ. ಮದುವೆ, ಹೆರಿಗೆ ಎಂದು ಕೆಲಸ ಬಿಟ್ಟು ಮನೆಯಲ್ಲಿರುವ ಸೊಸೆಯಂದಿರು ಇದನ್ನು ಮರೆಯುವುದೇ ಹೆಚ್ಚು. ಅತ್ತೆ ಮಾವಂದಿರು ನೆನಪಿಸಿದರೆ ಒಳ್ಳೆಯದು.

1947ರ ಕೇಂದ್ರ ಕಾಯಿದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಆಯೋಗದ ಕಾಯಿದೆ ಬಂದಿದೆ. ನಿಯಮಗಳೂ ಶುಲ್ಕವೂ ಬದಲಾಗುತ್ತವೆ. ಪಕ್ಕದ ಮನೆಯವರು ಹೋದ ವರ್ಷ ಮಾಡಿದಂತೆಯೇ ಮಾಡದೆ, ಅರ್ಜಿ ಹಾಕುವ ದಿನದ ಸೂಚನೆಯನ್ನೇ ಓದಿಸಿ ತಿಳಿದುಕೊಳ್ಳಿ.

ಕೊನೆಯ ಮಾತು

ಒಂದು ನೂರು ಪುಟದ ನೋಟುಪುಸ್ತಕ ತನ್ನಿ. ಎಡಕ್ಕೆ ಕಾಗದದ ಹೆಸರು, ನಡುವೆ ಪಡೆದ ದಿನ, ಬಲಕ್ಕೆ ಮುಗಿಯುವ ದಿನ ಬರೆಯಿರಿ. ಗುರಿಯ ದಿನವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ದಿನ ಗೊತ್ತುಮಾಡುವ ನಿಮಗೆ ಇದು ಹೊಸ ವಿದ್ಯೆಯಲ್ಲ.

ಮಗಳ ಓದಿಗಾಗಿ ಅಡಿಕೆ ಮಾರಿದ್ದೀರಿ, ಹಸು ಮಾರಿದ್ದೀರಿ, ಸೊಸೈಟಿಯಲ್ಲಿ ಸಾಲ ಮಾಡಿದ್ದೀರಿ. ಆ ಶ್ರಮ ಒಂದು ಫೋನ್ ನಂಬರಿನಿಂದ, ಒಂದು ಇನಿಷಿಯಲಿನಿಂದ ತಡವಾಗದಿರಲಿ. ಮುಂದಿನ ಸಲ ನಾನು ನಿಮ್ಮ ಗದ್ದೆಗೆ ಬಂದಾಗ ಆ ಪುಸ್ತಕವನ್ನೂ ತೋರಿಸಿ. ಈ ಸಲ ಸರಿಯಾಗಿ ನೋಡುತ್ತೇನೆ.

— ನಿಮ್ಮ ಗ್ರಾಮಸೇವಕ