ರಕ್ತನಂಜಿನಲ್ಲಿ ರೋಗಾಣುಗಳ ಅಣುಪರೀಕ್ಷೆ ಮತ್ತು ಪರಿಣಾಮದ ಮುನ್ಸೂಚನೆ

ರೋಗವು ಯಾವುದೆಂದು ಗುರುತಿಸುವುದು ಒಂದು ಕಾರ್ಯ. ಅದು ಸಾಧ್ಯವೋ ಅಸಾಧ್ಯವೋ ಎಂದು ತಿಳಿಯುವುದು ಮತ್ತೊಂದು. ನಮ್ಮ ಪ್ರಾಚೀನ ವೈದ್ಯರು ಈ ಎರಡನೆಯದನ್ನು ಸಾಧ್ಯಾಸಾಧ್ಯವಿಚಾರವೆಂದು ಕರೆದು, ಚಿಕಿತ್ಸೆಗೆ ತೊಡಗುವ ಮುನ್ನವೇ ಮಾಡತಕ್ಕದ್ದೆಂದು ವಿಧಿಸಿದ್ದರು. ಆಧುನಿಕ ವೈದ್ಯಶಾಸ್ತ್ರದಲ್ಲಿ ಈ ವಿಚಾರವು ಅತ್ಯಂತ ಕಠಿನವಾಗಿರುವ ವ್ಯಾಧಿಗಳಲ್ಲಿ ಸೆಪ್ಸಿಸ್ ಎಂಬ ರಕ್ತನಂಜು ಮುಖ್ಯವಾದುದು. ರೋಗಾಣುವಿನ ಡಿ.ಎನ್.ಎ.ಯನ್ನು ರಕ್ತದಲ್ಲಿ ನೇರವಾಗಿ ಹುಡುಕುವ ಅಣುಪರೀಕ್ಷೆಗಳು ಈ ವಿಚಾರದಲ್ಲಿ ಎಷ್ಟರಮಟ್ಟಿಗೆ ನೆರವಾಗಬಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸೋಣ.

ಸೆಪ್ಸಿಸ್ ಎಂಬುದು ಕೊಳೆಯುವಿಕೆಯನ್ನು ಸೂಚಿಸುವ ಗ್ರೀಕ್ ಶಬ್ದ. ರಕ್ತದಲ್ಲಿ ಕ್ರಿಮಿಗಳು ಸೇರುವುದೇ ಈ ವ್ಯಾಧಿಯೆಂಬ ಭಾವನೆ ಬಹುಕಾಲ ಇದ್ದಿತು. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಕೊಟ್ಟ ಲಕ್ಷಣದಂತೆ, ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆ ಹದ ತಪ್ಪಿ, ಅದರಿಂದ ಪ್ರಾಣಾಪಾಯಕರವಾದ ಅಂಗವೈಫಲ್ಯ ಉಂಟಾಗುವುದೇ ಸೆಪ್ಸಿಸ್. ಶ್ವಾಸಾಂಗ, ರಕ್ತ ಹೆಪ್ಪುಗಟ್ಟುವ ಶಕ್ತಿ, ಯಕೃತ್ತು, ರಕ್ತಪರಿಚಲನೆ, ನರಮಂಡಲ, ಮೂತ್ರಪಿಂಡ ಎಂಬ ಆರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ವೈಫಲ್ಯವನ್ನು ಅಳೆಯುತ್ತಾರೆ. ಸೋಂಕಿನಿಂದ ಈ ಅಂಕ ಎರಡು ಅಥವಾ ಹೆಚ್ಚು ಏರಿದವರಲ್ಲಿ ಆಸ್ಪತ್ರೆಯ ಮರಣಪ್ರಮಾಣವು ನೂರಕ್ಕೆ ಹತ್ತನ್ನು ಮೀರುತ್ತದೆ. 2017ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿ ಸೆಪ್ಸಿಸ್‌ಗೆ ತುತ್ತಾದರೆಂದೂ, 1 ಕೋಟಿ 10 ಲಕ್ಷ ಮರಣಗಳು ಇದಕ್ಕೆ ಸಂಬಂಧಿಸಿದ್ದವೆಂದೂ ಅಂದಾಜು ಮಾಡಲಾಗಿದೆ. ಆ ವರ್ಷದ ಒಟ್ಟು ಮರಣಗಳಲ್ಲಿ ಇದು ಸುಮಾರು ಐದರಲ್ಲೊಂದು ಪಾಲು.

ಈ ಅಂಗಾಂಕಗಳು ದೇಹಕ್ಕೆ ಆಗಿರುವ ಹಾನಿಯನ್ನು ತಿಳಿಸುತ್ತವೆಯೇ ಹೊರತು, ಹಾನಿ ಮಾಡುತ್ತಿರುವ ರೋಗಾಣುವಿನ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕಾಗಿ ಇರುವ ರೂಢಿಯ ಸಾಧನವೆಂದರೆ ರಕ್ತಸಂವರ್ಧನ, ಎಂದರೆ ಬ್ಲಡ್ ಕಲ್ಚರ್. ರೋಗಿಯ ರಕ್ತವನ್ನು ಪೋಷಕದ್ರವವಿರುವ ಸೀಸೆಗೆ ಹಾಕಿ, ಬೆಚ್ಚಗಿಟ್ಟು, ಕ್ರಿಮಿಗಳು ಬೆಳೆಯುವುದನ್ನು ಕಾಯಬೇಕು. ಬೆಳವಣಿಗೆ ಕಾಣಲು ಅನೇಕವೇಳೆ ಒಂದೆರಡು ದಿನಗಳು ಬೇಕು. ಬೆಳೆಯಲಿಲ್ಲವೆಂದು ಹೇಳಲು ಸಾಮಾನ್ಯವಾಗಿ ಐದು ದಿನ ಕಾಯುತ್ತಾರೆ. ವಯಸ್ಕರ ರಕ್ತದ ಒಂದು ಮಿಲಿಲೀಟರಿನಲ್ಲಿ ಎಷ್ಟೋ ಸಲ ಹತ್ತು ಬ್ಯಾಕ್ಟೀರಿಯಾಗಳೂ ಇರುವುದಿಲ್ಲ. ರಕ್ತ ತೆಗೆಯುವ ಮೊದಲೇ ಪ್ರತಿಜೈವಿಕ ಔಷಧವನ್ನು ಕೊಟ್ಟಿದ್ದರೆ ಆ ಕೆಲವೂ ಬೆಳೆಯಲಾರವು. ಆದಕಾರಣ ಸೆಪ್ಸಿಸ್ ರೋಗಿಗಳಲ್ಲಿ ಬಹುಮಂದಿಯ ಸಂವರ್ಧನವು ನಿಷ್ಫಲವಾಗುತ್ತದೆ.

ಅಣುಪರೀಕ್ಷೆಯ ಮಾರ್ಗ ಬೇರೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಅವರು ಕಲ್ಪಿಸಿದ ಪಾಲಿಮರೇಸ್ ಸರಣಿಕ್ರಿಯೆಗೆ 1993ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರಕಿತು. ಈ ಕ್ರಿಯೆಯಲ್ಲಿ ರೋಗಾಣುವಿಗೆ ವಿಶಿಷ್ಟವಾದ ಡಿ.ಎನ್.ಎ. ತುಣುಕು ಪ್ರತಿಯೊಂದು ಆವೃತ್ತಿಗೂ ಇಮ್ಮಡಿಯಾಗುತ್ತದೆ. ಮೂವತ್ತು ಆವೃತ್ತಿಗಳಲ್ಲಿ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಎಷ್ಟನೆಯ ಆವೃತ್ತಿಯಲ್ಲಿ ಸಂಕೇತವು ಗೋಚರವಾಯಿತೆಂಬುದರಿಂದ ಆರಂಭದಲ್ಲಿದ್ದ ಪ್ರಮಾಣವನ್ನು ಗಣಿಸಬಹುದು: ಸುಮಾರು 3.3 ಆವೃತ್ತಿ ಮೊದಲೇ ಕಾಣಿಸಿಕೊಂಡರೆ ರೋಗಾಣುವಿನ ಡಿ.ಎನ್.ಎ. ಹತ್ತುಪಟ್ಟು ಹೆಚ್ಚಿತ್ತೆಂದು ಅರ್ಥ. ಹೀಗೆ ಈ ಪರೀಕ್ಷೆಯು ರೋಗಾಣುವಿನ ಹೆಸರನ್ನಲ್ಲದೆ, ಅದರ ಹೊರೆಯನ್ನೂ ತಿಳಿಸಬಲ್ಲದು. ಕಷ್ಟವೂ ಇಲ್ಲದಿಲ್ಲ. ಆರೋಗ್ಯವಂತನ ಒಂದು ಮಿಲಿಲೀಟರ್ ರಕ್ತದಲ್ಲಿಯೇ ನಲವತ್ತು ಲಕ್ಷದಿಂದ ಒಂದು ಕೋಟಿಯಷ್ಟು ಬಿಳಿಯ ರಕ್ತಕಣಗಳಿದ್ದು, ಅವುಗಳ ಡಿ.ಎನ್.ಎ. ರಾಶಿಯ ನಡುವೆ ಬೆರಳೆಣಿಕೆಯ ಕ್ರಿಮಿಗಳ ಡಿ.ಎನ್.ಎ.ಯನ್ನು ಹುಡುಕಬೇಕಾಗುತ್ತದೆ.

ಯೂರೋಪಿನ ಆರು ದೇಶಗಳ ಒಂಬತ್ತು ತೀವ್ರನಿಗಾ ಘಟಕಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇಲ್ಲಿ ಉಲ್ಲೇಖಾರ್ಹ. ಅದರಲ್ಲಿ ಸರಣಿಕ್ರಿಯೆಯಿಂದ ವೃದ್ಧಿಗೊಂಡ ತುಣುಕುಗಳನ್ನು ದ್ರವ್ಯರಾಶಿಮಾಪಕದಲ್ಲಿ ತೂಗಿ ರೋಗಾಣುವನ್ನು ನಿರ್ಣಯಿಸಲಾಯಿತು. ಸುಮಾರು ಆರು ಗಂಟೆಗಳಲ್ಲಿ ಉತ್ತರ ದೊರೆಯುವಂತಿತ್ತು. 616 ರಕ್ತದ ಮಾದರಿಗಳಲ್ಲಿ ಸಂವರ್ಧನವು ನೂರಕ್ಕೆ 11ರಲ್ಲಿ ಮಾತ್ರ ರೋಗಾಣುವನ್ನು ತೋರಿಸಿದರೆ, ಅಣುಪರೀಕ್ಷೆಯು ನೂರಕ್ಕೆ 37ರಲ್ಲಿ ತೋರಿಸಿತು. 2017ರಲ್ಲಿ ಪ್ರಕಟವಾದ ಮುಂದಿನ ವಿಶ್ಲೇಷಣೆಯಲ್ಲಿ ಹೆಚ್ಚು ಗಮನಾರ್ಹವಾದ ಅಂಶ ಹೊರಬಿದ್ದಿತು. ರಕ್ತದಲ್ಲಿ ಸೂಕ್ಷ್ಮಜೀವಿಯ ಡಿ.ಎನ್.ಎ. ಕಂಡುಬಂದ ರೋಗಿಗಳಲ್ಲಿ ಮರಣವು ಹೆಚ್ಚಾಗಿತ್ತು. ಸಂವರ್ಧನದ ಫಲಿತಾಂಶಕ್ಕೂ ಮರಣಕ್ಕೂ ಅಂತಹ ಸಂಬಂಧ ತೋರಲಿಲ್ಲ. ಔಷಧದಿಂದ ಬೆಳೆಯುವ ಶಕ್ತಿ ಕಳೆದುಕೊಂಡ ಕ್ರಿಮಿಯನ್ನು ಸಂವರ್ಧನವು ಕಾಣಲಾರದು, ಅಣುಪರೀಕ್ಷೆಯು ಕಾಣಬಲ್ಲದು ಎಂಬುದು ಇದಕ್ಕೆ ಒಂದು ಸಂಭಾವ್ಯ ಕಾರಣ.

ಪ್ರಮಾಣದ ವಿಷಯದಲ್ಲಿಯೂ ಸಾಕ್ಷ್ಯಗಳುಂಟು. ಮೆನಿಂಗೊಕಾಕಸ್ ಸೋಂಕು ತಗಲಿದ ಮಕ್ಕಳಲ್ಲಿ, ಆಸ್ಪತ್ರೆಗೆ ಬಂದಾಗ ರಕ್ತದಲ್ಲಿದ್ದ ಡಿ.ಎನ್.ಎ. ಪ್ರಮಾಣವು ಹೆಚ್ಚಿದಷ್ಟೂ ರೋಗವು ಉಗ್ರವಾಗಿತ್ತೆಂದು 2002ರಲ್ಲಿ ಇಂಗ್ಲೆಂಡಿನಿಂದ ವರದಿಯಾಯಿತು. ನ್ಯೂಮೊಕಾಕಸ್‌ನಿಂದ ಉಂಟಾದ ನ್ಯುಮೋನಿಯಾದಲ್ಲಿ ಮಿಲಿಲೀಟರಿಗೆ ಸಾವಿರ ಪ್ರತಿಗಳಿಗೆ ಕಡಮೆಯಿಲ್ಲದ ಹೊರೆಯುಳ್ಳವರಲ್ಲಿ ರಕ್ತದೊತ್ತಡದ ಕುಸಿತವೂ ಮರಣವೂ ಹೆಚ್ಚೆಂದು 2009ರ ಸ್ಪೇನಿನ ಅಧ್ಯಯನವು ತೋರಿಸಿತು.

ಹಾಗಾದರೆ ಈ ಪರೀಕ್ಷೆಯನ್ನು ನೆಚ್ಚಿ ರೋಗಿಯ ಭವಿಷ್ಯವನ್ನು ನುಡಿಯಬಹುದೇ? ಇಲ್ಲಿ ಎಚ್ಚರಿಕೆ ಅವಶ್ಯಕ. ಮೊದಲನೆಯದಾಗಿ, ಡಿ.ಎನ್.ಎ. ಜೀವದ ಕುರುಹೇ ಹೊರತು ಜೀವವೇ ಅಲ್ಲ. ಸತ್ತ ಕ್ರಿಮಿಯ ಡಿ.ಎನ್.ಎ.ಯೂ ರಕ್ತದಲ್ಲಿ ಸುಳಿದಾಡುತ್ತಿರಬಹುದು, ಚರ್ಮದ ನಿರುಪದ್ರವಿ ಕ್ರಿಮಿಯೂ ಸೂಜಿಯೊಡನೆ ಸೇರಿರಬಹುದು. ಎರಡನೆಯದಾಗಿ, ಕಾಣದಿರುವುದು ಇಲ್ಲದಿರುವುದಲ್ಲ. ಮೇಲ್ಕಂಡ 2015ರ ಸಂಶೋಧನೆಯಲ್ಲಿಯೇ, ಸಂವರ್ಧನವು ಹಿಡಿದ ಸೋಂಕುಗಳಲ್ಲಿ ಸುಮಾರು ಐದರಲ್ಲೊಂದು ಅಣುಪರೀಕ್ಷೆಯ ಕಣ್ಣಿಗೆ ಬೀಳಲಿಲ್ಲ. ಆ ಉಪಕರಣವು ಈಗ ಮಾರುಕಟ್ಟೆಯಲ್ಲಿಯೂ ಇಲ್ಲ. ಮೂರನೆಯದಾಗಿ, ಸೆಪ್ಸಿಸ್ ರೋಗಾಣುವಿನದಷ್ಟೇ ಅಲ್ಲ, ದೇಹದ ಪ್ರತಿಕ್ರಿಯೆಯದೂ ಆಗಿದೆ. ವಯಸ್ಸು, ಪೂರ್ವವ್ಯಾಧಿ, ಸೋಂಕಿನ ಸ್ಥಾನ ಇವೆಲ್ಲವೂ ಪರಿಣಾಮವನ್ನು ನಿರ್ಧರಿಸುತ್ತವೆ. ಕೊನೆಯದಾಗಿ, ಯಾವ ಔಷಧಕ್ಕೆ ಕ್ರಿಮಿ ಮಣಿಯುತ್ತದೆಂಬುದನ್ನು ಪೂರ್ಣವಾಗಿ ಅರಿಯಲು ಬೆಳೆದ ಕ್ರಿಮಿಯೇ ಬೇಕು. ಅಣುಪರೀಕ್ಷೆಯು ಪ್ರತಿರೋಧದ ಕೆಲವು ಜೀನುಗಳನ್ನು ಮಾತ್ರ ಗುರುತಿಸೀತು. ಆದುದರಿಂದ ಇದು ಸಂವರ್ಧನಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಗುಂಪಿನ ಮರಣಪ್ರಮಾಣವು ಒಬ್ಬ ರೋಗಿಯ ಹಣೆಬರಹವಲ್ಲ. ಹೆಚ್ಚಿನ ಹೊರೆ ಕಂಡುಬಂತೆಂದು ಪ್ರಯತ್ನವನ್ನು ಕೈಬಿಡುವುದಕ್ಕೆ ಈ ಸಂಖ್ಯೆಗಳು ಆಧಾರವಾಗಲಾರವು. ಅವು ಸೂಚಿಸುವುದು ಇದಕ್ಕೆ ವಿರುದ್ಧವಾದುದನ್ನು: ಅಂತಹ ರೋಗಿಯನ್ನು ಬೇಗನೆ ತೀವ್ರನಿಗಾ ಘಟಕಕ್ಕೆ ಸೇರಿಸಬೇಕು, ಕೀವುಗಟ್ಟಿದ ಮೂಲವನ್ನು ಹುಡುಕಿ ತೆಗೆಯಬೇಕು, ಕೊಡುತ್ತಿರುವ ಔಷಧವು ತಕ್ಕುದೇ ಎಂದು ಮರುಪರಿಶೀಲಿಸಬೇಕು. ರಕ್ತದೊತ್ತಡ ಕುಸಿದ ಸೆಪ್ಸಿಸ್ ರೋಗಿಗಳಲ್ಲಿ, ಮೊದಲ ಆರು ಗಂಟೆಗಳೊಳಗೆ ಪರಿಣಾಮಕಾರಿಯಾದ ಔಷಧವು ಒಂದೊಂದು ಗಂಟೆ ತಡವಾದಂತೆ ಬದುಕುಳಿಯುವಿಕೆ ಸರಾಸರಿ ನೂರಕ್ಕೆ 7.6ರಷ್ಟು ಇಳಿಯಿತೆಂದು 2006ರಲ್ಲಿ ಉತ್ತರ ಅಮೆರಿಕದಿಂದ ಬಂದ ವರದಿಯನ್ನು ನೆನೆದರೆ, ಯಾವ ಪರೀಕ್ಷೆಯ ಉತ್ತರಕ್ಕಾಗಿಯೂ ಮೊದಲ ಔಷಧವನ್ನು ತಡೆಯಲಾಗದೆಂಬುದೂ ಸ್ಪಷ್ಟವಾಗುತ್ತದೆ.

ಸಾಧ್ಯಾಸಾಧ್ಯವಿಚಾರಕ್ಕೆ ಅಣುಪರೀಕ್ಷೆಯು ಹೊಸದೊಂದು ಪ್ರಮಾಣವನ್ನು ಒದಗಿಸಿದೆಯೆಂಬುದು ನಿಜ. ಅಂಗಾಂಕಗಳನ್ನೂ ದೇಹದ ಪ್ರತಿಕ್ರಿಯೆಯ ಸೂಚಕಗಳನ್ನೂ ಕೂಡಿಸಿ ಓದಿದಾಗಲೇ ಅದಕ್ಕೆ ಪೂರ್ಣಾರ್ಥ ಬರುವುದು. ಇಂತಹ ಮುನ್ಸೂಚನೆಯನ್ನು ಅನುಸರಿಸಿ ಚಿಕಿತ್ಸೆಯನ್ನು ಬದಲಿಸಿದರೆ ಹೆಚ್ಚು ಜೀವಗಳು ಉಳಿಯುವುವೇ ಎಂಬುದೇ ಈ ಕ್ಷೇತ್ರದ ಸಂಶೋಧಕರು ಇನ್ನು ಉತ್ತರಿಸಬೇಕಾದ ಪ್ರಶ್ನೆ.